ಸ್ಕೈನಿಕುಸ್ ಮತ್ತು ನಾಟಕದವರು

ಕಂಪನಿ ನಾಟಕದ ಚಿತ್ರಿತ ಪರದೆಗಳನ್ನು ನಮ್ಮ ಹಿರಿಯರು ‘ಸೀನರಿ’ ಎಂದರು. ಇಂಗ್ಲಿಷಿನಿಂದ ಬಂದ ಈ ಮಾತಿನ ಬೇರು ಗ್ರೀಕಿನ ‘ಸ್ಕೇನೆ’, ಅಂದರೆ ಡೇರೆ. ನಟರು ವೇಷ ಬದಲಿಸುತ್ತಿದ್ದ ಬಿಡಾರವೇ ಕ್ರಮೇಣ ರಂಗದ ಹಿಂದಿನ ಕಟ್ಟಡವಾಯಿತು. ಲ್ಯಾಟಿನ್ ಅದನ್ನು ‘ಸ್ಕೈನಾ’ ಎಂದು ತೆಗೆದುಕೊಂಡು ರಂಗಕ್ಕೇ ಹೆಸರಾಗಿಸಿತು. ಅದರ ಗುಣವಾಚಕ ‘ಸ್ಕೈನಿಕುಸ್’: ರಂಗಕ್ಕೆ ಸೇರಿದ.

ಲ್ಯಾಟಿನ್‌ನಲ್ಲಿ ಗುಣವಾಚಕವು ನಾಮಪದದ ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ರೂಪ ಬದಲಿಸುತ್ತದೆ. ‘ಆರ್ಸ್’ (ಕಲೆ) ಸ್ತ್ರೀಲಿಂಗ, ಹಾಗಾಗಿ ರಂಗಕಲೆ ‘ಆರ್ಸ್ ಸ್ಕೈನಿಕಾ’. ‘ಲೂದಿ’ (ಆಟಗಳು) ಪುಲ್ಲಿಂಗ ಬಹುವಚನ, ಹಾಗಾಗಿ ರಂಗದಾಟಗಳು ‘ಲೂದಿ ಸ್ಕೈನಿಕಿ’. ಕ್ರಿ.ಪೂ. 364ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ದೇವತೆಗಳನ್ನು ಒಲಿಸಲು ರೋಮಿನಲ್ಲಿ ಈ ಆಟಗಳು ಶುರುವಾದವೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ.

ಕನ್ನಡಕ್ಕೆ ಈ ಗೋಜಿಲ್ಲ. ಸಂಸ್ಕೃತದ ‘ಈಯ’ ಪ್ರತ್ಯಯ ಹತ್ತಿದ ‘ನಾಟಕೀಯ’ ಯಾವ ಪದದ ಹಿಂದೆ ನಿಂತರೂ ಬದಲಾಗದು. ಆದರೆ ಅದರ ಅರ್ಥ ಈಗ ಜಾರಿದೆ. ನಾಟಕೀಯ ತಿರುವು ರಂಗಕ್ಕಿಂತ ಕ್ರಿಕೆಟ್ಟಿನಲ್ಲೇ ಹೆಚ್ಚು. ‘ಸ್ಕೈನಿಕುಸ್’ಗೆ ನಾವು ಷಷ್ಠಿ ವಿಭಕ್ತಿಯನ್ನೇ ನೆಚ್ಚಬೇಕು: ರಂಗದ, ನಾಟಕದ.

ಈ ಷಷ್ಠಿಗೆ ಇನ್ನೊಂದು ಶಕ್ತಿಯಿದೆ. ಲ್ಯಾಟಿನ್‌ನಲ್ಲಿ ನಾಮಪದ ಬಿಟ್ಟು ಬರೀ ‘ಸ್ಕೈನಿಕಿ’ ಎಂದರೆ ರಂಗದ ಮೇಲೆ ಕುಣಿದು ನಟಿಸಿ ಬದುಕುವ ಜನ. ಕನ್ನಡದಲ್ಲಿ ‘ನಾಟಕದ’ಕ್ಕೆ ‘ಅವರು’ ಸೇರಿದರೆ ‘ನಾಟಕದವರು’. ಅನುವಾದಕಿಯಾಗಿ ನಾನು ‘ನಟರು’ ಎಂಬುದಕ್ಕಿಂತ ಇದನ್ನೇ ಆರಿಸುತ್ತೇನೆ. ‘ನಟರು’ ಕಸುಬನ್ನಷ್ಟೇ ಹೇಳುತ್ತದೆ, ‘ನಾಟಕದವರು’ ಸಮಾಜ ಅವರನ್ನು ಕೂರಿಸಿದ ಜಾಗವನ್ನೂ ಹೇಳುತ್ತದೆ.

ರೋಮಿನಲ್ಲಿ ಆ ಜಾಗ ಕಾನೂನಿನಲ್ಲೇ ಬರೆದಿತ್ತು. ಕಸುಬಿಗಾಗಿ ರಂಗ ಹತ್ತಿದವರು ಮಾನಹೀನರ ಪಟ್ಟಿಗೆ ಸೇರುತ್ತಿದ್ದರು. ಕ್ರಿ.ಪೂ. 18ರಲ್ಲಿ ಅಗಸ್ಟಸ್ ತಂದ ವಿವಾಹ ಕಾನೂನು ಸೆನೆಟರುಗಳ ಮನೆತನದವರು ನಟನಟಿಯರನ್ನು ಮದುವೆಯಾಗದಂತೆ ತಡೆಯಿತು. ನಮ್ಮಲ್ಲಿ ಬರೆದಿಟ್ಟ ಕಾನೂನು ಬೇಕಾಗಿರಲಿಲ್ಲ. ‘ನಾಟಕದವರಿಗೆ ಹೆಣ್ಣು ಕೊಡುವುದಿಲ್ಲ’ ಎಂಬ ಒಂದು ಮಾತೇ ಸಾಕಿತ್ತು.

ಆ ನಾಟಕದವರಲ್ಲಿ ಅನೇಕರು ನಾನಿರುವ ಈ ಚೆನ್ನೈಗೆ, ಆಗಿನ ಮದರಾಸಿಗೆ ಬಂದರು. ಕನ್ನಡ ಚಿತ್ರಗಳು ಆಗ ಬಹುಮಟ್ಟಿಗೆ ಇಲ್ಲಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. 1954ರ ‘ಬೇಡರ ಕಣ್ಣಪ್ಪ’ದ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಕಂಪನಿ ನಾಟಕಗಳಲ್ಲಿ ಪಳಗಿದವರು. ಊರಿನವರ ಬಾಯಲ್ಲಿ ಅವರೀಗ ‘ಸಿನಿಮಾದವರು’. ಅದೇ ಷಷ್ಠಿ, ಅದೇ ‘ಅವರು’. ವ್ಯಾಕರಣ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬದಲಾದದ್ದು ಹೇಳುವವರ ದನಿ.