ದುಡಿಯಲಾಗದವರ ಬೆಲೆ: ಕಥೋಲಿಕ ಚಿಂತನೆ ನಡೆದ ದಾರಿ

ಮೇ 1, ಕಾರ್ಮಿಕ ಸಂತ ಜೋಜಪ್ಪನವರ ಹಬ್ಬ. ಅವತ್ತಿನ ಪ್ರಬೋಧನೆ ವರ್ಷ ವರ್ಷವೂ ಒಂದೇ: ದುಡಿಮೆಯೇ ಪ್ರಾರ್ಥನೆ. ಪೂಜೆ ಮುಗಿದ ಮೇಲೆ ಹಿಂದಿನ ಬೆಂಚಿನ ಅಕ್ಕ ಒಬ್ಬರು ನನ್ನನ್ನು ತಡೆದರು. ಟಿ. ನರಸೀಪುರದಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನ ಎಳೆ ಹುಡುಕುತ್ತಲೇ ಅರ್ಧ ಆಯುಷ್ಯ ಕಳೆದವರು. ಈಗ ಆ ಬೆರಳುಗಳಲ್ಲಿ ಲೋಟ ನಿಲ್ಲುವುದಿಲ್ಲ. "ಹಂಗಾದ್ರೆ ನಂದು ಪ್ರಾರ್ಥನೆನೂ ನಿಂತೋಯ್ತಾ ಮೇಷ್ಟ್ರೇ?"

ನಲವತ್ತು ವರ್ಷ ಧರ್ಮೋಪದೇಶ ಮಾಡಿದವನಿಗೆ ಉತ್ತರ ತೋಚಲಿಲ್ಲ. ನಮ್ಮ ಧರ್ಮಸಭೆಯ ಚಿಂತನೆ ನಡೆದ ದಾರಿಯನ್ನು ಹಿಂತಿರುಗಿ ನೋಡಬೇಕೆನಿಸಿತು.

ಪೋಪ್ ಹದಿಮೂರನೇ ಲಿಯೋ 1891ರ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯ ಮಾತೆತ್ತಿದರು. ಮೇ 1ನ್ನು ಜೋಜಪ್ಪನವರಿಗೆ ಕೊಟ್ಟದ್ದು 1955ರಲ್ಲಿ, ಹನ್ನೆರಡನೇ ಪಿಯುಸ್. ದುಡಿಯಲಾಗದವರ ಪಾಲಿಗಿದ್ದದ್ದು ಸೇವೆ: ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅದು ಬರೀ ಅನುಕಂಪ, ಅದರಲ್ಲಿ ವಿಚಾರವಿಲ್ಲ ಎನ್ನುವವರಿದ್ದಾರೆ. ಅವರು ಹುಣ್ಣು ತೊಳೆದವರಲ್ಲ.

ನಮ್ಮ ತಲೆಮಾರಿನ ಕಣ್ಣು ತೆರೆಸಿದ್ದು 1970ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆಶಾ ನಿಕೇತನ. ಬುದ್ಧಿಮಾಂದ್ಯರೂ ಅವರ ಜೊತೆಗಾರರೂ ಅಲ್ಲಿ ಒಂದೇ ಮನೆಯವರು, ಒಂದೇ ಪಂಕ್ತಿಯವರು. ಈ ಬಗೆಯ ಮನೆಗಳನ್ನು ಫ್ರಾನ್ಸಿನಲ್ಲಿ ಮೊದಲು ಮಾಡಿದ ಜಾನ್ ವನಿಯೇ ಹಲವು ಹೆಂಗಸರ ಮೇಲೆ ದೌರ್ಜನ್ಯ ಎಸಗಿದ್ದರೆಂದು 2020ರಲ್ಲಿ ಅವರ ಸಂಸ್ಥೆಯೇ ಬಹಿರಂಗಪಡಿಸಿತು. ಅದನ್ನು ಮುಚ್ಚಿಟ್ಟು ಈ ಚರಿತ್ರೆ ಬರೆಯಲಾಗದು.

1981ರಲ್ಲಿ ಪೋಪ್ ಎರಡನೇ ಜಾನ್ ಪೌಲರ ವಿಶ್ವಪತ್ರ 'ಲಬೋರೆಮ್ ಎಕ್ಸೆರ್ಚೆನ್ಸ್' ಬಂತು. ಕೆಲಸ ಇರುವುದು ಮನುಷ್ಯನಿಗಾಗಿ ಎಂಬುದು ಅದರ ತಿರುಳು. ನಾವು ಅದನ್ನು ಶರಣರ ಕಾಯಕತತ್ತ್ವದ ಪಕ್ಕದಲ್ಲಿಟ್ಟು ಓದಿ, ಎರಡನ್ನೂ ದುಡಿಮೆಯ ಘೋಷಣೆ ಮಾಡಿಬಿಟ್ಟೆವು. ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ವಾಪಸು ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮ ನಮಗೆ ನೆನಪಾಗಲಿಲ್ಲ. ಪೋಪರ ಆ ಪತ್ರದಲ್ಲಿ ಅಂಗವಿಕಲರಿಗೂ ಒಂದು ಭಾಗವಿದೆ. ಅವರು ಪೂರ್ಣ ಮನುಷ್ಯರೆಂದು ಶುರುವಾಗುವ ಅದೂ, ಅವರಿಗೆ ತಕ್ಕ ಕೆಲಸ ಕೊಡಬೇಕೆನ್ನುವ ಕಡೆಗೇ ಹೊರಳುತ್ತದೆ.

ಉಪಯೋಗವಿಲ್ಲದವರನ್ನು ಬಿಸಾಡುವ ಸಂಸ್ಕೃತಿಯನ್ನು ಪೋಪ್ ಫ್ರಾನ್ಸಿಸ್ 2013ರಿಂದಲೂ ಖಂಡಿಸುತ್ತ ಬಂದರು. ಮನುಷ್ಯನ ಘನತೆ ಯಾವ ಸ್ಥಿತಿಯಲ್ಲೂ ಕುಂದದು ಎಂದು 2024ರ ವ್ಯಾಟಿಕನ್ ಘೋಷಣೆ 'ದಿಗ್ನಿತಾಸ್ ಇನ್ಫಿನಿತಾ' ಸಾರಿತು.

ಈ ಮಾತು ನಮ್ಮ ನಂಜನಗೂಡಿಗೆ ಬಂದು ಮುಟ್ಟಿದೆಯೇ? ಒಂದು ಕಡೆ ಕೈಗಾರಿಕಾ ಪ್ರದೇಶದ ಶಿಫ್ಟ್ ಬಸ್ಸುಗಳು; ಇನ್ನೊಂದು ಕಡೆ ವಾಸಿಯಾಗಲೆಂದು ಹಕೀಂ ನಂಜುಂಡನಿಗೆ ಹರಕೆ ಹೊತ್ತು ಬರುವವರು. ದುಡಿಯಲೂ ಆಗದೆ ವಾಸಿಯೂ ಆಗದೆ ಉಳಿದವರ ಬಗ್ಗೆ ನಮ್ಮ ಬರವಣಿಗೆ ತೀರಾ ತೆಳು. ನಮ್ಮ ಸಮಾಜಸೇವೆಯ ವರದಿಗಳಲ್ಲಿ ಹೊಲಿಗೆ ಕಲಿತವರಿಗೊಂದು ಕಾಲಂ, ಸಾಲ ತೀರಿಸಿದ ಸಂಘಗಳಿಗೊಂದು ಕಾಲಂ. ಹಾಸಿಗೆ ಹಿಡಿದವರಿಗೆ ಇಲ್ಲ.

ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ ಕೊಡಲು ಅಕ್ಕನ ಮನೆಗೆ ಹೊರಟಾಗ ನಾನೂ ಹೋದೆ. ಉತ್ತರ ಸಿದ್ಧವಿತ್ತು: "ಕೂತಲ್ಲೇ ಜಪಮಾಲೆ ಹೇಳಿ ಅಕ್ಕಾ, ಅದೂ ಕೆಲಸವೇ."

ಅಕ್ಕ ನಕ್ಕರು. "ನೀವೂ ಕೆಲ್ಸಾನೇ ಕೊಟ್ರಲ್ಲ ಮೇಷ್ಟ್ರೇ."