‘ಎ ಸ್ಕ್ಯಾನರ್ ಡಾರ್ಕ್ಲಿ’: ಆತ್ಮಕಥನಾಂಶ ಮತ್ತು ವಿಮರ್ಶೆಯ ಇತಿಹಾಸ

ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್‌ನ ‘ಎ ಸ್ಕ್ಯಾನರ್ ಡಾರ್ಕ್ಲಿ’ ಪ್ರಕಟವಾದುದು 1977ರಲ್ಲಿ. ಕಥೆ ನಡೆಯುವುದು 1994ರ ಕ್ಯಾಲಿಫೋರ್ನಿಯಾದಲ್ಲಿ. ಇದನ್ನು ವೈಜ್ಞಾನಿಕ ಕಾದಂಬರಿಯೆನ್ನಬೇಕೆ, ವೇಷ ಮರೆಸಿಕೊಂಡ ಆತ್ಮಕಥೆಯೆನ್ನಬೇಕೆ? ಈ ಎರಡನ್ನು ಬೇರ್ಪಡಿಸಹೊರಡುವ ಓದು ಕೃತಿಗೆ ನ್ಯಾಯ ಒದಗಿಸಲಾರದೆಂದು ನಾವು ಭಾವಿಸುತ್ತೇವೆ.

ನಾಲ್ಕನೆಯ ಪತ್ನಿ 1970ರಲ್ಲಿ ಮನೆ ತೊರೆದ ಬಳಿಕ ಸ್ಯಾನ್ ರಫೇಲ್‌ನಲ್ಲಿದ್ದ ಡಿಕ್‌ನ ಮನೆ ಮಾದಕವ್ಯಸನಿ ತರುಣರ ತಂಗುದಾಣವಾಯಿತು. ಸ್ವತಃ ಅವನೂ ಆಂಫೆಟಮಿನ್ ಮಾತ್ರೆಗಳಿಗೆ ಒಳಗಾಗಿದ್ದನು. 1971ರ ನವೆಂಬರಿನಲ್ಲಿ ಮನೆಗೆ ಕನ್ನ ಬಿದ್ದಿತು. ಕನ್ನ ಹಾಕಿದವರಾರೆಂಬುದು ಕೊನೆಗೂ ಬಗೆಹರಿಯಲಿಲ್ಲ. ಮರುವರ್ಷ ಕೆನಡಾದ ವ್ಯಾಂಕೂವರಿಗೆ ಹೋದವನು ಆತ್ಮಹತ್ಯೆಗೆ ಯತ್ನಿಸಿ, ಅಲ್ಲಿನ ಎಕ್ಸ್-ಕಲೇ ಎಂಬ ವ್ಯಸನಮುಕ್ತಿ ಕೇಂದ್ರವನ್ನು ಸೇರಿದನು. ಕಾದಂಬರಿಯ ‘ನ್ಯೂ-ಪಾತ್’ ಕೇಂದ್ರದ ಚಿತ್ರಣದಲ್ಲಿ ಈ ಅನುಭವದ ನೆರಳಿದೆ. ಆದರೆ ವ್ಯಸನ ಬಿಡಿಸುವ ಕೇಂದ್ರವೇ ವಿಷದ ಬೆಳೆ ತೆಗೆಯುವುದೆಂಬುದು ಕಲ್ಪನೆ; ಅದನ್ನು ವ್ಯಾಂಕೂವರಿಗೆ ಅಂಟಿಸಲಾಗದು.

ನಾಯಕ ಬಾಬ್ ಆರ್ಕ್ಟರ್ ವ್ಯಸನಿಗಳ ನಡುವೆ ಬಾಳುವ ಗುಪ್ತ ಪೊಲೀಸ್. ಇಲಾಖೆಯಲ್ಲಿ ಅವನ ಹೆಸರು ಫ್ರೆಡ್. ಅಲ್ಲಿ ಅವನು ತೊಡುವ ಉಡುಪು ಕ್ಷಣಕ್ಷಣಕ್ಕೂ ಅಸಂಖ್ಯ ಜನರ ಚಹರೆಯ ತುಣುಕುಗಳನ್ನು ತೋರುವುದರಿಂದ ಮೇಲಧಿಕಾರಿಗೂ ಅವನಾರೆಂದು ತಿಳಿಯದು. ಹೀಗಾಗಿ ಆರ್ಕ್ಟರನ ಮೇಲೆ ಕಣ್ಣಿಡುವ ಕೆಲಸ ಫ್ರೆಡ್‌ನ ಪಾಲಿಗೇ ಬರುತ್ತದೆ. ‘ಸಬ್‌ಸ್ಟೆನ್ಸ್ ಡಿ’ ಎಂಬ ದ್ರವ್ಯವು ಮಿದುಳಿನ ಎರಡು ಅರ್ಧಗೋಳಗಳ ಸಂಬಂಧವನ್ನು ಕೆಡಿಸುತ್ತ ಬಂದಂತೆ, ಕಾವಲು ಕುಳಿತವನು ತೆರೆಯ ಮೇಲೆ ಕಾಣುವವನನ್ನು ತಾನೆಂದು ಗುರುತಿಸಲಾರನು.

ಕಥೆಯನ್ನು 1994ಕ್ಕೆ ಒಯ್ಯುವುದು, ಈ ಉಡುಪಿನಂತಹ ಅಂಶಗಳಿಗೆ ಒತ್ತು ಕೊಡುವುದು ಬ್ಯಾಲಂಟೈನ್ ಸಂಸ್ಥೆಯ ಸಂಪಾದಕಿ ಜೂಡಿ-ಲಿನ್ ಡೆಲ್ ರೇ ಅವರ ಸಲಹೆ. ಶುದ್ಧ ಸಾಮಾಜಿಕ ಕಾದಂಬರಿಯನ್ನು ಮಾರಲು ತನ್ನಿಂದಾಗದೆಂದು ಡಿಕ್ ನಂಬಿದ್ದನು. ಇದನ್ನು ಮಾರುಕಟ್ಟೆಯ ಒತ್ತಡವೆಂದು ತಳ್ಳಿಹಾಕುವುದು ಸುಲಭ. ಆದರೆ ತನ್ನ ಬದುಕನ್ನು ತಾನೇ ಪರಕೀಯನಂತೆ ನೋಡಬೇಕಾಗಿದ್ದ ಲೇಖಕನಿಗೆ ಇದಕ್ಕಿಂತ ತಕ್ಕ ಸಾಧನ ಯಾವುದಿತ್ತು? (ಅರ್ಜುನನಲ್ಲಿ ಅರಿಕೇಸರಿಯನ್ನು ಕಾಣಿಸಿದ ಪಂಪನನ್ನು ಬಲ್ಲವರಿಗೆ ಪರಕಥೆಯಲ್ಲಿ ಸ್ವಕಾಲವನ್ನು ಹೇಳುವ ಕ್ರಮ ಹೊಸದಲ್ಲ, ಇಲ್ಲಿ ಆ ಪರಕಥೆ ಭವಿಷ್ಯದಲ್ಲಿದೆ, ಅಷ್ಟೆ.)

ಸಮಕಾಲೀನ ವಿಮರ್ಶೆ ಒಮ್ಮತದ್ದಾಗಿರಲಿಲ್ಲ. ಕೆಲವರು ಕೃತಿಯನ್ನು ಮೆಚ್ಚಿದರೆ, ರಾಬರ್ಟ್ ಸಿಲ್ವರ್‌ಬರ್ಗ್ ಅದರ ತೀವ್ರತೆಗೆ ಬೆರಗಾಗಿಯೂ ಕಾದಂಬರಿಯಾಗಿ ಅದು ಸೋತಿದೆಯೆಂದನು. ಅಮೆರಿಕದ ಹ್ಯೂಗೊ, ನೆಬ್ಯುಲಾ ಪ್ರಶಸ್ತಿಗಳೆರಡೂ ಬರಲಿಲ್ಲ. ಬ್ರಿಟಿಷ್ ವೈಜ್ಞಾನಿಕ ಕಥಾಸಂಘದ ಪ್ರಶಸ್ತಿ 1978ರಲ್ಲಿಯೂ ಫ್ರಾನ್ಸಿನ ‘ಗ್ರೌಯಿ ದೋರ್’ 1979ರಲ್ಲಿಯೂ ಸಂದವು. 1982ರಲ್ಲಿ ಡಿಕ್ ತೀರಿಕೊಂಡನು. ಅಮೆರಿಕದ ಶ್ರೇಷ್ಠ ಕೃತಿಗಳನ್ನು ಪ್ರಕಟಿಸುವ ಲೈಬ್ರರಿ ಆಫ್ ಅಮೆರಿಕ ಮಾಲೆಯಲ್ಲಿ ಈ ಕಾದಂಬರಿ ಸೇರಿದುದು 2008ರಲ್ಲಿ.

ಕಾದಂಬರಿಯಾಗಿ ಸೋತಿದೆಯೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೊನೆಯಲ್ಲಿರುವ ಲೇಖಕನ ಟಿಪ್ಪಣಿಯನ್ನು ಕೃತಿಯ ಅಂಗವೆಂದೇ ಓದಬೇಕು. ಅಲ್ಲಿ ಮಾದಕವಸ್ತುಗಳಿಂದ ಸತ್ತ, ಬುದ್ಧಿ ಕೆಟ್ಟ, ಅಂಗ ಊನವಾದ ಗೆಳೆಯರ ಪಟ್ಟಿಯಿದೆ. ಮನೆತನದ ಹೆಸರಿಲ್ಲ, ವಿಶೇಷಣವಿಲ್ಲ. ಬರಿಯ ಹೆಸರು, ಎದುರಿಗೆ ಒದಗಿದ ಗತಿ. ಅವರ ನಡುವೆಯೇ ಮೇದೋಜೀರಕ ಗ್ರಂಥಿಯ ಶಾಶ್ವತ ಹಾನಿಗೀಡಾದ ‘ಫಿಲ್’ ಇದ್ದಾನೆ. ಕಾದಂಬರಿಯ ಉದ್ದಕ್ಕೂ ಉಡುಪಿನೊಳಗೆ ಅಡಗಿದ್ದವನ ಗುರುತು ಇಲ್ಲಿ ಮೊದಲ ಬಾರಿಗೆ ಬಯಲಾಗುತ್ತದೆ. 2006ರಲ್ಲಿ ರಿಚರ್ಡ್ ಲಿಂಕ್‌ಲೇಟರ್ ಈ ಕಾದಂಬರಿಯನ್ನು, ನಟರ ಚಿತ್ರಿಕೆಗಳ ಮೇಲೆ ಚಿತ್ರ ಬಿಡಿಸಿ, ಚಲನಚಿತ್ರವಾಗಿಸಿದಾಗ ಕಥೆಯನ್ನು ಅಲ್ಲಲ್ಲಿ ಹ್ರಸ್ವಗೊಳಿಸಿದನಾದರೂ ಆ ಹೆಸರುಗಳ ಪಟ್ಟಿಯನ್ನು ಕೊನೆಗೆ ತೆರೆಯ ಮೇಲೆ ಉಳಿಸಿಕೊಂಡನು.