ಆನುವಂಶಿಕ ಜಠರ ಕ್ಯಾನ್ಸರ್: ಮುಂಜಾಗ್ರತಾ ಶಸ್ತ್ರಚಿಕಿತ್ಸೆ ಮತ್ತು ನಿಗಾ

ಆನುವಂಶಿಕ ಡಿಫ್ಯೂಸ್ ಜಠರ ಕ್ಯಾನ್ಸರಿನ ಅಪಾಯವಿರುವವರು ರೋಗ ಬರುವ ಮೊದಲೇ ಜಠರ ತೆಗೆಸಿಕೊಳ್ಳಬೇಕೆ, ಇಲ್ಲವೇ ಕಾಲಕಾಲಕ್ಕೆ ಎಂಡೋಸ್ಕೋಪಿ ಮಾಡಿಸಿಕೊಳ್ಳುತ್ತ ನಿಗಾದಲ್ಲಿರಬೇಕೆ ಎಂಬುದು ಕ್ಯಾನ್ಸರ್ ವೈದ್ಯಕೀಯದ ಅತಿ ಕಠಿಣ ಪ್ರಶ್ನೆಗಳಲ್ಲೊಂದು. ಅದರ ಚರಿತ್ರೆ ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರಿಂದ ಆರಂಭವಾಗುತ್ತದೆ.

ತಲೆಮಾರುಗಳ ಕಾಲ ಈ ಕುಟುಂಬದಲ್ಲಿ ಅನೇಕರು, ಹದಿಹರೆಯದವರೂ ಸೇರಿ, ಜಠರ ಕ್ಯಾನ್ಸರಿಗೆ ಬಲಿಯಾದರು. ಇದು ಶಾಪವೆಂದು ಕೆಲವರು ನಂಬಿದ್ದರು. ಇಂಥ ಮಾವೊರಿ ಕುಟುಂಬದ ವರದಿ 1964ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತಾದರೂ ಕಾರಣ ತಿಳಿದಿರಲಿಲ್ಲ. 1990ರ ದಶಕದಲ್ಲಿ ಕುಟುಂಬದವರೇ ಮುಂದಾಗಿ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರೊಡನೆ ಕೈಜೋಡಿಸಿದರು. 1998ರಲ್ಲಿ ಪ್ಯಾರಿ ಗಿಲ್ಫರ್ಡ್ ಮತ್ತು ಸಂಗಡಿಗರು, ಸಿಡಿಎಚ್1 ಜೀನಿನ ದೋಷವೇ ಮೂಲವೆಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ತಯಾರಿಸುವ ಜೀನು ಇದು. ದೋಷವುಳ್ಳವರ ಪ್ರತಿ ಮಗುವಿಗೂ ಅದು ದಾಟುವ ಸಂಭವ ಶೇ. 50. ಹೆಣ್ಣುಮಕ್ಕಳಿಗೆ ಲೋಬ್ಯುಲರ್ ಬಗೆಯ ಸ್ತನ ಕ್ಯಾನ್ಸರಿನ ಅಪಾಯವೂ ಇದೆ.

ಈ ಜಠರ ಕ್ಯಾನ್ಸರ್ ಗಡ್ಡೆಯಾಗಿ ಮೇಲೆದ್ದು ಕಾಣುವುದಿಲ್ಲ. ನಯವಾಗಿ, ಆರೋಗ್ಯವಾಗಿ ಕಾಣುವ ಒಳಪೊರೆಯ ಕೆಳಗೆ, ಉಂಗುರದಾಕಾರದ ಕೋಶಗಳ ಸೂಕ್ಷ್ಮ ಗುಂಪುಗಳು ಅಲ್ಲಲ್ಲಿ ಅಡಗಿರುತ್ತವೆ. ಆದ್ದರಿಂದ ಜಠರದ ಬೇರೆಬೇರೆ ಭಾಗಗಳಿಂದ ಸುಮಾರು 30 ಬಯಾಪ್ಸಿ ತೆಗೆಯುವ ಪದ್ಧತಿ ಬಂತು, ಆದರೂ ತಪ್ಪಿಹೋಗುವುದುಂಟು. ಜೀನಿನ ದೋಷವಿದ್ದೂ ಲಕ್ಷಣಗಳೇ ಇರದ ಐವರ ಜಠರಗಳನ್ನು ತೆಗೆದು ಪರೀಕ್ಷಿಸಿದಾಗ ಐದರಲ್ಲೂ ಕ್ಯಾನ್ಸರ್ ಕೋಶಗಳಿದ್ದವೆಂದು 2001ರಲ್ಲಿ ವರದಿಯಾಯಿತು. ಅಂದಿನಿಂದ ಶಸ್ತ್ರಚಿಕಿತ್ಸೆಯ ಪಕ್ಷ ಬಲವಾಯಿತು. ಆನುವಂಶಿಕ ಜಠರ ಕ್ಯಾನ್ಸರಿನ ಅಂತರರಾಷ್ಟ್ರೀಯ ತಜ್ಞರ ಕೂಟವೂ, ಮನೆತನದಲ್ಲಿ ಈ ರೋಗವಿದ್ದು ಜೀನಿನ ದೋಷವೂ ಇರುವವರಿಗೆ 20ರಿಂದ 30ರ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸಿತು.

ಜಠರ ತೆಗೆದರೆ ಅನ್ನನಾಳವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆಮೇಲೆ ಸ್ವಲ್ಪಸ್ವಲ್ಪವಾಗಿ, ಹಲವು ಬಾರಿ ಉಣ್ಣಬೇಕು. ತೂಕ ಇಳಿಯುತ್ತದೆ, ಸಿಹಿ ತಿಂದರೆ ತಲೆಸುತ್ತು, ಭೇದಿ ಆಗಬಹುದು, ವಿಟಮಿನ್ ಬಿ12 ಜೀವನಪರ್ಯಂತ ಬೇಕು. ಇಪ್ಪತ್ತರ ಹರೆಯದವರಿಗೆ ಇದು ಸಣ್ಣ ಬೆಲೆಯಲ್ಲ.

ಇತ್ತ ದೋಷವುಳ್ಳವರಿಗೆ ಜಠರ ಕ್ಯಾನ್ಸರ್ ಬರುವ ಅಪಾಯದ ಅಂದಾಜೂ ಬದಲಾಗಿದೆ. 2015ರ ಲೆಕ್ಕದಂತೆ 80 ವರ್ಷದೊಳಗೆ ಗಂಡಸರಲ್ಲಿ ಶೇ. 70, ಹೆಂಗಸರಲ್ಲಿ ಶೇ. 56 ಇದ್ದ ಸಂಭವ, 2019ರ ಅಧ್ಯಯನವೊಂದರಲ್ಲಿ ಕ್ರಮವಾಗಿ ಶೇ. 42 ಮತ್ತು ಶೇ. 33ಕ್ಕೆ ಇಳಿಯಿತು. ಸೂಕ್ಷ್ಮ ಗುಂಪುಗಳು ಎಷ್ಟೋ ಕಾಲ ಬೆಳೆಯದೆ ಉಳಿಯಬಲ್ಲವು ಎಂಬುದೂ ತಿಳಿದುಬಂತು. 2023ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡ, ಅನುಭವಿ ಕೇಂದ್ರದಲ್ಲಿ ಕಟ್ಟುನಿಟ್ಟಾದ ನಿಗಾ ಕೆಲವರ ಮಟ್ಟಿಗೆ ಶಸ್ತ್ರಚಿಕಿತ್ಸೆಗೆ ಪರ್ಯಾಯವಾಗಬಲ್ಲದೆಂದು ವರದಿ ಮಾಡಿತು.

ಹಾಗೆಂದು ನಿಗಾ ಅಭಯವಲ್ಲ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಒಪ್ಪುವ ವಿಧಿಯೂ ಅಲ್ಲ. ಮನೆತನದ ರೋಗಚರಿತ್ರೆ, ವಯಸ್ಸು, ದೇಹಸ್ಥಿತಿ, ಮಕ್ಕಳನ್ನು ಪಡೆಯುವ ಯೋಚನೆ ಎಲ್ಲವನ್ನೂ ತಜ್ಞರೊಡನೆ ಚರ್ಚಿಸಿ ಆ ವ್ಯಕ್ತಿಯೇ ತೀರ್ಮಾನಿಸಬೇಕು. ಅದಕ್ಕೆ ಮೊದಲ ಹೆಜ್ಜೆ ಆನುವಂಶಿಕ ಸಮಾಲೋಚನೆ ಮತ್ತು ರಕ್ತಪರೀಕ್ಷೆ: ಕುಟುಂಬದಲ್ಲಿ ಗುರುತಿಸಿದ ದೋಷ ಯಾರಿಗೆ ಬಂದಿಲ್ಲವೋ ಅವರಿಗೆ ಶಸ್ತ್ರಚಿಕಿತ್ಸೆಯೂ ನಿಗಾವೂ ಬೇಕಿಲ್ಲ.